ಕೆರೆಗಳ ಹಳೆಯ ತೂಬುಗಳನ್ನು ದಾಖಲಿಸುವ ಬಗೆ: ಉಳಿದವು, ಅಳಿದವು

ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಹಿರಿಯರು ಕೆರೆಗಳನ್ನು ಕಟ್ಟಿಕೊಂಡೇ ಬದುಕಿದರು. ಆ ಕೆರೆಗಳ ಏರಿ, ಕೋಡಿಗಳು ಇಂದಿಗೂ ಎಲ್ಲರ ಕಣ್ಣಿಗೆ ಬೀಳುತ್ತವೆ. ಏರಿಯ ಒಳಬದಿಯಲ್ಲಿ ನಿಂತ, ಗದ್ದೆಗೆ ನೀರು ಬಿಡುವ ಕಲ್ಲಿನ ತೂಬುಗಳು ಮಾತ್ರ ಹೂಳಿನಲ್ಲಿ ಮುಳುಗಿ, ದುರಸ್ತಿಯ ಹೆಸರಿನಲ್ಲಿ ಕಿತ್ತುಹೋಗಿ, ಯಾರ ಗಮನಕ್ಕೂ ಬಾರದೆ ಕಣ್ಮರೆಯಾಗುತ್ತಿವೆ.

ದಾಖಲಿಸಲು ಹೊರಡುವ ಮುನ್ನ ತೂಬಿನ ರಚನೆ ತಿಳಿದಿರಬೇಕು. ಸಾಮಾನ್ಯವಾಗಿ ಎರಡು ಎತ್ತರದ ಕಲ್ಲುಕಂಬಗಳ ನಡುವೆ ಎರಡೋ ಮೂರೋ ಅಡ್ಡ ಚಪ್ಪಡಿಗಳನ್ನು ಕೂರಿಸಿ, ಒಂದೇ ನೇರಕ್ಕೆ ರಂಧ್ರ ಕೊರೆದಿರುತ್ತಾರೆ. ಅವುಗಳ ಮೂಲಕ ಇಳಿಬಿಟ್ಟ ಮರದ ದಂಡದ ತುದಿ ಕೆಳಗಿನ ತೊಟ್ಟಿಯ ಕಂಡಿಯನ್ನು ಮುಚ್ಚುತ್ತದೆ. ನೀರು ಬಿಡುವ ಹೊಣೆಯ ನೀರುಗಂಟಿ ದಂಡವನ್ನು ಮೇಲೆತ್ತಿದರೆ ನೀರು ಏರಿಯಡಿಯ ಕಲ್ಲುಗಾಲುವೆಯಲ್ಲಿ ಹಾದು ಕೆರೆಯ ಕೆಳಗಿನ ಗದ್ದೆಬಯಲಾದ ಅಚ್ಚುಕಟ್ಟನ್ನು ಸೇರುತ್ತದೆ. ಕೆಲವೆಡೆ ನಾಲ್ಕು ಕಂಬ ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿ ಸಣ್ಣ ಮಂಟಪವನ್ನೇ ಮಾಡಿದ್ದಾರೆ. ಇವು ನನಗೆ ದೇಗುಲದ ಮಂಟಪಗಳಷ್ಟೇ ಪೂಜ್ಯವಾಗಿ ಕಾಣುತ್ತವೆ.

ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಿಮ್ಮ ತಾಲ್ಲೂಕಿನ ಶಾಸನಗಳನ್ನು ಮೊದಲೇ ಓದಿಕೊಳ್ಳಿ. ತುಮಕೂರಿನವು 1904ರ 12ನೆಯ ಸಂಪುಟದಲ್ಲಿಯೂ ಕೋಲಾರದವು 1905ರ 10ನೆಯ ಸಂಪುಟದಲ್ಲಿಯೂ ಇವೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಆದ್ದರಿಂದ ಅಲ್ಲಿನ ಊರುಗಳನ್ನು ಕೋಲಾರದ ಸಂಪುಟದಲ್ಲಿಯೇ ಹುಡುಕಬೇಕು. ಬಂಗಾರಪೇಟೆ ಅಲ್ಲಿ ಬೌರಿಂಗ್‌ಪೇಟೆ ಎಂದಿದೆ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಪದಗಳು ಕಂಡಲ್ಲಿ ಗುರುತು ಹಾಕಿಕೊಳ್ಳಿ, ಏಕೆಂದರೆ ಅವು ಕೆರೆಯ ನಿರ್ಮಾಣ, ನಿರ್ವಹಣೆಗಳಿಗೆ ಸಂಬಂಧಿಸಿದ ದತ್ತಿಗಳು. ಗೌರಿಬಿದನೂರು ತಾಲ್ಲೂಕಿನ 1388ರ ಶಾಸನವು ಹೆನ್ನೆ (ಪಿನಾಕಿನಿ) ನದಿಯ ನೀರನ್ನು ಪೆನುಗೊಂಡೆಗೆ ತರಲು ವಿಜಯನಗರದ ರಾಜಕುಮಾರ ಬುಕ್ಕರಾಯನಿಂದ ಅಪ್ಪಣೆ ಪಡೆದ, ಜಲಸೂತ್ರದಲ್ಲಿ ಎಂದರೆ ನೀರು ಹರಿಸುವ ವಿದ್ಯೆಯಲ್ಲಿ ಪರಿಣತನಾದ ಸಿಂಗಾಯಭಟ್ಟನ ಹೆಸರನ್ನು ಉಳಿಸಿಕೊಟ್ಟಿದೆ.

ಕ್ಷೇತ್ರಕಾರ್ಯಕ್ಕೆ ಮಾರ್ಚ್‌ನಿಂದ ಮೇವರೆಗಿನ ಬೇಸಿಗೆ ಸೂಕ್ತ. ಆದರೆ ಕೋಲಾರದಲ್ಲಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು, ತುಂಬಿಕೊಳ್ಳುತ್ತಿರುವ ಕೆರೆಗಳು ಬೇಸಿಗೆಯಲ್ಲಿಯೂ ಬತ್ತದೆ ಇರಬಹುದು. ಅಂಥಲ್ಲಿ ಏರಿಯ ಹೊರಬದಿಗೆ ಇಳಿದು ಕಾಲುವೆಯ ಬಾಯಿಯಿಂದ ಹುಡುಕಾಟ ಆರಂಭಿಸಿ. ಹೂಳಿನ ಮೇಲೆ ಒಬ್ಬರೇ ನಡೆಯಬೇಡಿ, ತೊಟ್ಟಿಯೊಳಗೆ ಇಳಿಯಲೇಬೇಡಿ. ಹೂಳಿನಿಂದ ಮೇಲಕ್ಕೆ ಕಾಣುವ ಕಂಬದ ಎತ್ತರ, ಚಪ್ಪಡಿಗಳ ಸಂಖ್ಯೆ, ರಂಧ್ರದ ಅಗಲ, ಗಜಲಕ್ಷ್ಮಿಯಂಥ ಉಬ್ಬುಶಿಲ್ಪವಿದ್ದರೆ ಅದು ಯಾವ ಮುಖದಲ್ಲಿದೆ ಎಂಬುದು, ಇವಿಷ್ಟನ್ನೂ ಸ್ಥಳದಲ್ಲಿಯೇ ಬರೆದುಕೊಳ್ಳಿ. ಅಕ್ಷರಗಳಿದ್ದರೆ ಸೀಮೆಸುಣ್ಣ, ಎಣ್ಣೆ ಬಳಿಯದೆ, ಓರೆಬಿಸಿಲು ಬೀಳುವ ಬೆಳಗಿನಲ್ಲೋ ಸಂಜೆಯಲ್ಲೋ ಚಿತ್ರ ತೆಗೆಯಿರಿ.

ಅಳಿದ ತೂಬನ್ನು ಪತ್ತೆಮಾಡುವುದು ಇನ್ನೂ ತಾಳ್ಮೆಯ ಕೆಲಸ, ಮತ್ತು ನನ್ನ ಮಟ್ಟಿಗೆ ಹೆಚ್ಚು ತುರ್ತಿನದು. ಕಬ್ಬಿಣದ ತಿರುಪಿನ ಗೇಟು ಕಂಡಲ್ಲಿ ಹಳೆಯ ಕಂಬಗಳು ಏನಾದವೆಂದು ಕೇಳಿ. ನಡುವೆ ದುಂಡು ರಂಧ್ರವಿರುವ ಚಪ್ಪಡಿ ಬಟ್ಟೆ ಒಗೆಯುವ ಕಲ್ಲಾಗಿಯೋ ಅರಳಿಕಟ್ಟೆಯ ಮೆಟ್ಟಿಲಾಗಿಯೋ ಸಿಗಬಹುದು. ಗದ್ದೆಗಳನ್ನು ಮೇಲಿನ ತೂಬಿನವು, ಕೆಳಗಿನ ತೂಬಿನವು ಎಂದು ಜನ ಈಗಲೂ ಕರೆಯುತ್ತಿದ್ದರೆ, ಎರಡನೆಯ ತೂಬು ಕಾಣದಿದ್ದರೂ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಬಿಡಿ. ನೀರುಗಂಟಿಕೆ ಮಾಡುತ್ತಿದ್ದ ಮನೆತನದ ಹಿರಿಯರು ಸಿಕ್ಕರೆ ಎಷ್ಟು ಹೊತ್ತು ತೂಬು ಎತ್ತುತ್ತಿದ್ದರು, ಸರದಿ ಯಾವ ಗದ್ದೆಯಿಂದ ಶುರುವಾಗುತ್ತಿತ್ತು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು, ದಿನಾಂಕ ಹಾಕಿ, ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಡಿ.