ಕೆಂಪು ಬಸ್ಸಿನಲ್ಲಿ ದೂರ ಹೋಗುವಾಗ

ಹಿಂದಿನ ಚಕ್ರದಿಂದಾಚೆಗಿನ ಸೀಟು ಬೇಡವೇ ಬೇಡ. ಹಂಪ್ ಸಿಕ್ಕಾಗಲೆಲ್ಲ ಎತ್ತಿ ಹಾಕುತ್ತದೆ. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ವಾಂತಿ ಬರುವವರು ಮುಂದಿನ ಮೂರ್ನಾಲ್ಕು ಸಾಲಿನಲ್ಲೇ ಕೂತು, ಮೊಬೈಲ್ ಒಳಗಿಟ್ಟು ರಸ್ತೆ ನೋಡಬೇಕು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಮಧ್ಯಾಹ್ನ ಹೊರಟರೆ ಎಡಗಡೆಗೆ ಬಿಸಿಲು ಹೊಡೆಯುತ್ತದೆ, ಬಲಗಡೆ ಸೀಟು ಹಿಡಿಯಿರಿ.

ಚಿಲ್ಲರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಕಂಡಕ್ಟರ್ ಬಾಕಿಯನ್ನು ಟಿಕೆಟ್ ಹಿಂದೆ ಬರೆದುಕೊಡುತ್ತಾರೆ. ಅದನ್ನು ಇಳಿಯುವ ಮೊದಲೇ ಕೇಳಿ ಪಡೆಯಿರಿ. ಬಾಗಿಲ ಬಳಿಯ ನೂಕುನುಗ್ಗಲಲ್ಲಿ ಮರೆತೇ ಹೋಗುತ್ತದೆ. ಶಕ್ತಿ ಯೋಜನೆಯಲ್ಲಿ ಹೋಗುವ ಹೆಂಗಸರೂ ಸೊನ್ನೆ ಮೊತ್ತದ ಟಿಕೆಟ್ ತೆಗೆದುಕೊಳ್ಳಲೇಬೇಕು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ರಾಜಹಂಸ, ಐರಾವತಕ್ಕೆ ಈ ಸೌಲಭ್ಯ ಇಲ್ಲ.

ಊಟಕ್ಕೆ ನಿಲ್ಲಿಸಿದಾಗ ಇಳಿದ ಕೂಡಲೇ ಬಸ್ಸಿನ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳಿ. ಹೋಟೆಲಿನ ಮುಂದೆ ಅದೇ ಬಣ್ಣದ ಬಸ್ಸುಗಳು ಸಾಲಾಗಿ ನಿಂತಿರುತ್ತವೆ.