ಕಂಪ್ಯೂಟರ್ ಕ್ಷೇತ್ರಕ್ಕೆ ಹೋಗಬೇಕೆಂದರೆ ಎಸ್‌ಎಸ್‌ಎಲ್‌ಸಿ ನಂತರ ಏನು ಓದಬೇಕು?

ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಕರ್ನಾಟಕದ ಹುಡುಗ ಹುಡುಗಿಯರಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ಪಿಯುಸಿ ವಿಜ್ಞಾನ ಓದಿ ಬಿಇ ಸೇರಿದರೆ ಎರಡು ಮತ್ತು ನಾಲ್ಕು, ಒಟ್ಟು ಆರು ವರ್ಷ. ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿ ನೇರ ಎರಡನೇ ವರ್ಷದ ಬಿಇಗೆ ಸೇರಿದರೂ ಮೂರು ಮತ್ತು ಮೂರು, ಅದೇ ಆರು. ಪಿಯುಸಿ, ಕಂಪ್ಯೂಟರ್ ಅಪ್ಲಿಕೇಷನ್ಸ್ ಪದವಿಯಾದ ಬಿಸಿಎ, ಅದರ ಸ್ನಾತಕೋತ್ತರವಾದ ಎಂಸಿಎ ಎಂದು ಹೋದರೆ ಎರಡು, ಮೂರು ಮತ್ತು ಎರಡು, ಒಟ್ಟು ಏಳು. ಒಂದು ವರ್ಷದ ವ್ಯತ್ಯಾಸಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ನೋಡಬೇಕಾದದ್ದು, ಇಂದು ಆರಿಸಿಕೊಂಡ ವಿಷಯದಿಂದ ನಾಳೆ ಯಾವ ಬಾಗಿಲು ಮುಚ್ಚುತ್ತದೆ ಎಂಬುದನ್ನು. ಹೆಚ್ಚಿನವರ ಪಾಲಿಗೆ ಆ ಬಾಗಿಲು ಮುಚ್ಚುವುದು ಗಣಿತ ಬಿಟ್ಟ ದಿನ.

ಕೋರ್ಸ್ ಹುಡುಕುವ ಮೊದಲು ರಜೆಯಲ್ಲಿ ಒಂದು ಪರೀಕ್ಷೆ ಮಾಡಿಕೊಳ್ಳಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಉಚಿತ, ಹಳೆಯ ಲ್ಯಾಪ್‌ಟಾಪ್ ಸಾಕು. ಡೇರಿಗೆ ಹಾಕಿದ ಹಾಲಿನ ಹತ್ತು ದಿನದ ಲೆಕ್ಕ ಮಾಡುವ ಪ್ರೋಗ್ರಾಂ ಬರೆಯಿರಿ: ದಿನದ ಲೀಟರ್ ಕೇಳಬೇಕು, ಕೂಡಬೇಕು, ದರದಿಂದ ಗುಣಿಸಬೇಕು. ಮೊದಲ ಸಲ ಬೆಳಿಗ್ಗೆಯ 5 ಮತ್ತು ಸಂಜೆಯ 5 ಕೂಡಿದರೆ 10 ಬರುವ ಬದಲು 55 ಬರಬಹುದು. ಕೀಬೋರ್ಡಿನಿಂದ ಪಡೆದದ್ದನ್ನು ಪೈಥಾನ್ ಅಕ್ಷರವೆಂದೇ ಇಟ್ಟುಕೊಳ್ಳುತ್ತದೆ, ಸಂಖ್ಯೆಯಾಗಿ ಬದಲಾಯಿಸುವ ಕೆಲಸ ನಮ್ಮದು. ಇಂಥ ತಪ್ಪಿನ ಮೂಲ ಹುಡುಕುವುದರಲ್ಲಿ ಊಟದ ಹೊತ್ತು ಮರೆತರೆ ಈ ಕ್ಷೇತ್ರ ನಿಮಗೆ ಒಗ್ಗುತ್ತದೆ. ಒಂದು ತಿಂಗಳು ಪ್ರಯತ್ನಿಸಿಯೂ ಬೇಸರವೇ ಆದರೆ, ಸಂಬಳದ ಮಾತು ಕೇಳಿ ಸೇರಬೇಡಿ.

ಬಿಇ ಗುರಿಯಿದ್ದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆ ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ಒಳ್ಳೆಯ ಆಯ್ಕೆ. ಕಾಲೇಜಿನಲ್ಲಿ ಕಂಪ್ಯೂಟರ್ ಬದಲು ಜೀವಶಾಸ್ತ್ರ ಇರುವ ಪಿಸಿಎಂಬಿ ಮಾತ್ರ ಇದ್ದರೂ ನಷ್ಟವಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯ ಅಂಕ ಅರ್ಧ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಕೋಚಿಂಗ್ ಹಿಂದೆ ಬಿದ್ದು ಬೋರ್ಡ್ ಪರೀಕ್ಷೆ ಕಡೆಗಣಿಸುವುದು ಶುದ್ಧ ನಷ್ಟ. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಂದನ್ನೂ ಖಾಲಿ ಬಿಡಬೇಡಿ.

ಬೇಗ ದುಡಿಯಬೇಕಾದ ಮನೆಯ ಮಕ್ಕಳಿಗೆ ಡಿಪ್ಲೊಮಾ ನಿಜಕ್ಕೂ ಒಳ್ಳೆಯದು. ಮೂರನೇ ವರ್ಷಕ್ಕೆ ಕೈಯಲ್ಲಿ ಕೆಲಸ ಹುಡುಕುವಷ್ಟು ವಿದ್ಯೆ ಇರುತ್ತದೆ, ಮುಂದೆ ಓದಲು ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಇದೆ. ತೊಡಕು ಒಂದೇ: ಬಿಇ ಮೊದಲ ವರ್ಷದ ಕ್ಯಾಲ್ಕುಲಸ್ ಇವರಿಗೆ ತಪ್ಪಿಹೋಗಿರುತ್ತದೆ. ಸೇರುವ ಮುಂಚಿನ ಬೇಸಿಗೆಯಲ್ಲೇ ಅದನ್ನು ಓದಿಕೊಳ್ಳದಿದ್ದರೆ ಮೂರನೇ ಸೆಮಿಸ್ಟರ್ ಗಣಿತದಲ್ಲಿ ಫೇಲಾಗಿ ಬ್ಯಾಕ್ ಉಳಿಯುವ ಅಪಾಯವಿದೆ.

ಬಿಸಿಎಗೆ ವಾಣಿಜ್ಯ ವಿಭಾಗದವರೂ ಸೇರಬಹುದು. ಹಾಗೆ ಸೇರುವವರು ಪಿಯುಸಿಯಲ್ಲಿ ಗಣಿತ ಅಥವಾ ಸಂಖ್ಯಾಶಾಸ್ತ್ರ ಇರುವ ಕಾಂಬಿನೇಷನ್ ತೆಗೆದುಕೊಳ್ಳುವುದು ಜಾಣತನ, ಎಂಸಿಎ ಅರ್ಹತೆ ನೋಡುವಾಗ ಗಣಿತ ಓದಿದ್ದೀರಾ ಎಂಬ ಪ್ರಶ್ನೆ ಬರುತ್ತದೆ. ಇನ್ನೊಂದು ದಾರಿಯೂ ಗೊತ್ತಿರಲಿ: ಐಐಟಿ ಮದ್ರಾಸ್‌ನ ಡೇಟಾ ಸೈನ್ಸ್ ಪದವಿಗೆ ಐಐಟಿಗಳ ಪ್ರವೇಶ ಪರೀಕ್ಷೆಯಾದ ಜೆಇಇ ಬೇಕಿಲ್ಲ. ನಾಲ್ಕು ವಾರದ ಪಾಠ ಮುಗಿಸಿ ಅರ್ಹತಾ ಪರೀಕ್ಷೆ ಪಾಸಾಗಬೇಕು. ಪಾಠ ಆನ್‌ಲೈನ್, ಮುಖ್ಯ ಪರೀಕ್ಷೆಗಳಿಗೆ ಕೇಂದ್ರಕ್ಕೆ ಹೋಗಬೇಕು. ಬಿಕಾಂ ಓದುತ್ತಲೇ ಇದನ್ನೂ ಮಾಡಬಹುದು, ವಾರದ ಕೆಲಸ ವಾರದಲ್ಲೇ ಮುಗಿಸುವ ಶಿಸ್ತು ಇದ್ದರೆ ಮಾತ್ರ.

ಬ್ರಾಂಚ್ ಹೆಸರಿಗೆ ಮರುಳಾಗಬೇಡಿ. ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್, ಎಐ ಅಂಡ್ ಎಂಎಲ್ (ಕೃತಕ ಬುದ್ಧಿಮತ್ತೆ, ಮೆಷಿನ್ ಲರ್ನಿಂಗ್) ಎಂದು ಬೋರ್ಡ್ ಬೇರೆ ಬೇರೆ ಇದ್ದರೂ ಬುನಾದಿ ಬಹುಪಾಲು ಒಂದೇ. ಕಾಲೇಜಿನ ಪಠ್ಯಕ್ರಮ ತೆರೆದು ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಡೇಟಾಬೇಸ್, ನೆಟ್‌ವರ್ಕ್ಸ್ ನಾಲ್ಕೂ ಲ್ಯಾಬ್ ಸಮೇತ ಇವೆಯೇ ನೋಡಿ. ಕ್ಯಾಂಪಸ್ಸಿಗೆ ಹೋದಾಗ ಪ್ಲೇಸ್‌ಮೆಂಟ್ ಪೋಸ್ಟರ್ ಬಿಟ್ಟು ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಮಾತಾಡಿಸಿ: ಲ್ಯಾಬಿನಲ್ಲಿ ನೀವೇ ಕೋಡ್ ಬರೆಯುತ್ತೀರಾ, ರೆಕಾರ್ಡ್ ನೋಡಿ ಟೈಪ್ ಮಾಡುತ್ತೀರಾ? ಆ ಉತ್ತರಕ್ಕಿಂತ ದೊಡ್ಡ ಮಾಹಿತಿ ಬ್ರೋಷರಿನಲ್ಲಿ ಸಿಗುವುದಿಲ್ಲ.

ಇನ್ನು ಸಿಇಟಿ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಕ್ರಮವಾಗಿ ಪಟ್ಟಿ ಮಾಡುವುದು. ಒಳ್ಳೆಯ ರ‍್ಯಾಂಕ್ ಬಂದವರೂ ಇಲ್ಲಿ ಸೀಟು ಕಳೆದುಕೊಳ್ಳುತ್ತಾರೆ. ಮನಸ್ಸಿನ ಆಸೆಯ ಕ್ರಮದಲ್ಲೇ ಬರೆಯಿರಿ. ಕಳೆದ ವರ್ಷದ ಕಟ್‌ಆಫ್ ನೋಡಿ ಹೆದರಿ ಒಳ್ಳೆಯ ಕಾಲೇಜನ್ನು ಕೆಳಗೆ ಹಾಕಿದರೆ, ಅದು ಸಿಗುವ ರ‍್ಯಾಂಕ್ ಇದ್ದರೂ ಮೇಲಿನದೇ ಸಿಗುತ್ತದೆ. ಯಾವ ಸೀಟು ಸಿಗಬಹುದೆಂದು ಮೊದಲೇ ತೋರಿಸುವ ಅಣಕು ಹಂಚಿಕೆ ಬಂದ ಮೇಲೆ ಕ್ರಮ ಬದಲಿಸಲು ಅವಕಾಶವಿದೆ. ಸೀಟು ಸಿಕ್ಕಿ, ಇನ್ನೂ ಮೇಲಿನದಕ್ಕೆ ಕಾಯುವ ಎರಡನೇ ಚಾಯ್ಸ್ ಕೊಡುವಾಗ ಎಚ್ಚರ: ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಸಿಕ್ಕರೆ ಹಳೆಯ ಸೀಟು ತಾನಾಗಿ ರದ್ದು. ನಿಜವಾಗಿ ಹೋಗಲು ಇಷ್ಟವಿಲ್ಲದ ಕಾಲೇಜುಗಳು ಪಟ್ಟಿಯ ಮೇಲ್ಭಾಗದಲ್ಲಿದ್ದರೆ ಆ ಸುತ್ತಿಗೆ ಮೊದಲೇ ತೆಗೆದುಹಾಕಿ.

ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಅಥವಾ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಮೀಸಲಾತಿ ಇದೆ. ಅದಕ್ಕೆ ಹತ್ತೂ ವರ್ಷದ ವ್ಯಾಸಂಗ ಪ್ರಮಾಣಪತ್ರ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಬೇಕು. ಎರಡು ಮೂರು ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಗೂ ಓಡಾಡಬೇಕಾಗುತ್ತದೆ, ದ್ವಿತೀಯ ಪಿಯುಸಿಯ ದಸರಾ ರಜೆ ಹೊತ್ತಿಗೇ ಶುರುಮಾಡಿ.