ಊರಮನೆಗೆ ಕ್ಯಾಮೆರಾ ಹಾಕಿಸಿದ್ದೀರಾ? ಅರ್ಧ ಗಂಟೆ ಕೆಲಸ ಬಾಕಿ ಇದೆ

ಊರಲ್ಲಿ ಅಮ್ಮ ಒಬ್ಬರೇ ಇರುತ್ತಾರೆ. ಹೋದ ವರ್ಷ ಅಂಗಳಕ್ಕೊಂದು, ಹಿತ್ತಲಿಗೊಂದು ವೈಫೈ ಕ್ಯಾಮೆರಾ ಹಾಕಿಸಿದೆ. ಬೆಳಿಗ್ಗೆ ಬಸ್ಸಲ್ಲಿ ಕೂತು ಆಪ್ ತೆರೆದರೆ ಅಮ್ಮ ತುಳಸಿಗೆ ನೀರು ಹಾಕುವುದು ಕಾಣುತ್ತದೆ, ಅಷ್ಟು ಕಂಡರೆ ಮನಸ್ಸಿಗೆ ನೆಮ್ಮದಿ. ಕ್ಯಾಮೆರಾ ಬೇಡ ಅಂತ ನಾನು ಯಾರಿಗೂ ಹೇಳಲ್ಲ.

ಆದರೆ ಮೂರು ತಿಂಗಳಾದ ಮೇಲೆ ಗೊತ್ತಾಯಿತು, ಆ ಕ್ಯಾಮೆರಾಗಳ ಮಾಲೀಕ ನಾನಲ್ಲ! ಹಾಕಿಕೊಟ್ಟ ಹುಡುಗ ತನ್ನ ನಂಬರಿನಲ್ಲೇ ಖಾತೆ ತೆರೆದು ನನಗೆ ಬರೀ ಶೇರ್ ಮಾಡಿ ಹೋಗಿದ್ದ. ಬೇಗ ಕೆಲಸ ಮುಗಿಸಲು ಮಾಡಿದ್ದಂತೆ. ಆದರೂ ಅಷ್ಟು ದಿನ ನಮ್ಮ ಅಂಗಳ ಅವನ ಫೋನಿನಲ್ಲೂ ಇತ್ತು ಅಲ್ವಾ?

ಹಾಗಾಗಿ ಮೊದಲು ಆಪ್‌ನಲ್ಲಿ ಡಿವೈಸ್ ಸೆಟ್ಟಿಂಗ್ಸ್ ತೆರೆದು ಮಾಲೀಕರ ಖಾತೆ ಯಾವುದು ನೋಡಿ. ನಿಮ್ಮದಲ್ಲದಿದ್ದರೆ ಹಾಕಿದವರಿಗೆ ಫೋನ್ ಮಾಡಿ, ಅವರ ಖಾತೆಯಿಂದ ಡಿಲೀಟ್ ಮಾಡಿಸಿ. ಎಷ್ಟೋ ಕ್ಯಾಮೆರಾಗಳಲ್ಲಿ ರೀಸೆಟ್ ಬಟನ್ ಒತ್ತಿದರೂ ಹಳೇ ಖಾತೆಯ ನಂಟು ಬಿಡುವುದಿಲ್ಲ. ಆಮೇಲೆ ನಿಮ್ಮ ನಂಬರಿನಲ್ಲಿ ಸೇರಿಸಿ. ಎರಡು ಹಂತದ ಲಾಗಿನ್ ಇದ್ದರೆ ಆನ್ ಮಾಡಿ.

ಇನ್ನು ಪಾಸ್‌ವರ್ಡ್. 2016ರಲ್ಲಿ ಮಿರಾಯ್ ಅನ್ನೋ ವೈರಸ್ ಲಕ್ಷಾಂತರ ಕ್ಯಾಮೆರಾ, ಡಿವಿಆರ್ (ಕ್ಯಾಮೆರಾದ ದೃಶ್ಯ ರೆಕಾರ್ಡ್ ಮಾಡಿಡುವ ಪೆಟ್ಟಿಗೆ), ರೂಟರ್ (ವೈಫೈ ಪೆಟ್ಟಿಗೆ)ಗಳನ್ನು ಹಿಡಿದುಕೊಂಡಿತು. ಅದು ಮಾಡಿದ ಕೆಲಸ ತುಂಬಾ ಸರಳ: ಕಂಪನಿಯಿಂದ ಬಂದ ಅಡ್ಮಿನ್, 12345 ಥರದ ಅರವತ್ತು ಚಿಲ್ಲರೆ ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುವುದು, ಅಷ್ಟೇ. ಆ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ತೆರೆಯದ ಹಾಗೆ ಆಗಿದ್ದು ಹೀಗೆ ವೈರಸ್ ಹಿಡಿದ ಉಪಕರಣಗಳು ಒಟ್ಟಿಗೆ ಮುಗಿಬಿದ್ದು ಮಾಡಿದ ದಾಳಿಯಿಂದಲೇ. ಆಫ್ ಮಾಡಿ ಆನ್ ಮಾಡಿದರೆ ವೈರಸ್ ಹೋಗುತ್ತಿತ್ತು, ಪಾಸ್‌ವರ್ಡ್ ಹಳೆಯದೇ ಇದ್ದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಬರುತ್ತಿತ್ತು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಇಂಥ ಸುಲಭದ ಪಾಸ್‌ವರ್ಡ್ ಇಟ್ಟು ಮಾರುವಂತೆಯೇ ಇಲ್ಲ, ಒಳ್ಳೆಯ ಕಾನೂನು. ನಿಮ್ಮ ಕ್ಯಾಮೆರಾಗೆ, ಡಿವಿಆರ್ ಇದ್ದರೆ ಅದಕ್ಕೂ ಉದ್ದನೆಯ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ. ಮನೆ ಹೆಸರು, ಹುಟ್ಟಿದ ವರ್ಷ ಬೇಡ.

ರೂಟರ್ ಅನ್ನು ಎಲ್ಲರೂ ಮರೆಯುತ್ತಾರೆ. ಅದನ್ನು ಬೋರಲು ಹಾಕಿ ನೋಡಿ, ಒಳಹೋಗುವ ವಿಳಾಸ ಚೀಟಿಯಲ್ಲಿ ಇರುತ್ತದೆ, ಸಾಮಾನ್ಯವಾಗಿ 192.168.1.1. ಅದನ್ನು ಬ್ರೌಸರ್‌ನಲ್ಲಿ ಹಾಕಿ ಒಳಗೆ ಹೋಗಿ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಯುಪಿಎನ್‌ಪಿ ಅಂತ ಒಂದು ಆಯ್ಕೆ ಇರುತ್ತದೆ, ಮನೆಯೊಳಗಿನ ಉಪಕರಣ ಕೇಳಿದ ತಕ್ಷಣ ನಿಮ್ಮನ್ನು ಕೇಳದೆ ಹೊರಗಿನವರಿಗೆ ಬಾಗಿಲು ತೆಗೆದುಕೊಡುತ್ತದೆ. ಅದನ್ನು ಆಫ್ ಮಾಡಿ. ಗೆಸ್ಟ್ ವೈಫೈ (ಅತಿಥಿಗಳಿಗೆಂದು ಬೇರೆಯಾಗಿರುವ ವೈಫೈ) ಇದ್ದರೆ ಕ್ಯಾಮೆರಾಗಳನ್ನು ಅದಕ್ಕೇ ಜೋಡಿಸಿ, ಬ್ಯಾಂಕಿನ ಕೆಲಸ ಮಾಡುವ ಫೋನು, ಲ್ಯಾಪ್‌ಟಾಪ್ ಬೇರೆ ಕಡೆ ಇರಲಿ. ಅಪ್‌ಡೇಟ್ ಬಂದರೆ ಮುಂದೂಡಬೇಡಿ.

ಮಲಗುವ ಕೋಣೆಗೆ, ಬಚ್ಚಲ ಕಡೆಗೆ ಕ್ಯಾಮೆರಾ ಬೇಡವೇ ಬೇಡ. ಮನೆಯಲ್ಲಿ ಇರುವವರನ್ನು ಒಂದು ಮಾತು ಕೇಳಿ. ಹಿತ್ತಲಿನ ಕ್ಯಾಮೆರಾ ಬಗ್ಗೆ ಅಮ್ಮ, 'ತಲೆಗೆ ನೀರು ಹಾಕಿಕೊಂಡು ಬಂದು ಅಲ್ಲೇ ಕೂದಲು ಒಣಗಿಸ್ತೀನಪ್ಪ' ಅಂದರು. ನನಗೆ ಹೊಳೆದೇ ಇರಲಿಲ್ಲ. ಈಗ ಅದು ಗೇಟಿನ ಕಡೆ ತಿರುಗಿದೆ, ಅದರ ಸ್ವಿಚ್ಚು ಅಮ್ಮನ ಕೈಗೆ ಎಟುಕುವ ಹಾಗೆ ಅಡುಗೆಮನೆ ಬಾಗಿಲ ಪಕ್ಕ ಇದೆ.